ಹೆಸರು ಮೊದಲು, ಮಗು ಆಮೇಲೆ

ಟೆಯಾಟೆಯಾನೆಂಗ್
ಮೇ ೧೨, ೨೦೧೯, ಭಾನುವಾರ

ಪ್ರೀತಿಯ ಮಾಟುಮೆಲೋ,

ಹೇಗಿದ್ದೀಯ? ನಿನ್ನ ಮಂಡಿನೋವು ಹೇಗಿದೆ? ಮೊಖೊಟ್ಲೊಂಗ್ ಕಡೆಯ ಗುಡ್ಡಗಳ ಮೇಲೆ ಈ ಸಲ ಚಳಿಗಾಲ ಶುರುವಾಗುವ ಮುಂಚೆಯೇ ಹಿಮ ಬಿದ್ದಿದೆ ಎಂದು ವ್ಯಾನಿನ ಡ್ರೈವರ್ ಹೇಳಿದ. ಎರಡು ಜೊತೆ ಕಾಲುಚೀಲ ಹಾಕಿಕೊ. ನಿನಗೆ ಹೇಳಿ ಪ್ರಯೋಜನವಿಲ್ಲ ಎಂದು ಗೊತ್ತು, ಆದರೂ ಹೇಳಿದ್ದೇನೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಯಜಮಾನರು ಮೊದಲಿನ ಹಾಗೆಯೇ ಇದ್ದಾರೆ, ಅಂದರೆ ದಿನಕ್ಕೆ ಮೂರು ಸಲ ರೇಡಿಯೋ ಜೊತೆ ಜಗಳವಾಡುತ್ತಾರೆ. ನನ್ನ ಮಗಳು ಪುಲೆಂಗ್‌ಗೆ ಎರಡನೆಯ ಹೆಣ್ಣು ಮಗು ಆಯಿತು. ಮೂಗು ನನ್ನದೇ, ಪಾಪ.

ತಡವಾಯಿತು, ಕ್ಷಮಿಸು ಎಂದು ಬರೆಯಲು ಹೊರಟರೆ ನನಗೇ ನಗು ಬರುತ್ತದೆ. ವಾರ ತಡವಾದರೆ ಕ್ಷಮೆ ಕೇಳಬಹುದು, ತಿಂಗಳಾದರೂ ಕೇಳಬಹುದು. ಮೂರು ವರ್ಷ ಮೂರು ತಿಂಗಳಿಗೆ ಯಾವ ಮುಖ ಹೊತ್ತು ಕೇಳಲಿ? ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಊರಿನಲ್ಲಿ ಫೋನ್ ಹಿಡಿಯಬೇಕಾದರೆ ನೀನು ಗುಡ್ಡ ಹತ್ತಬೇಕು, ಆಮೇಲೆ ಇಬ್ಬರೂ ಗಂಟಲು ಹರಿಯುವಂತೆ ಕೂಗಬೇಕು. ನಾನು ಹೇಳಬೇಕಾದ್ದು ಗುಡ್ಡದ ಮೇಲೆ ನಿಂತು ಕೂಗುವ ವಿಷಯವಲ್ಲ. ಅದಕ್ಕೇ ಇವತ್ತು ಚರ್ಚಿನಿಂದ ಬಂದವಳೇ ಹ್ಯಾಟು ಕೂಡ ತೆಗೆಯದೆ ಬರೆಯಲು ಕೂತಿದ್ದೇನೆ.

ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ, ಆಮೇಲೆ ಕಥೆ. ನೀನು ಹೇಳಿದ್ದು ನಿಜವಾಗಿತ್ತು. ನಮ್ಮ ನೂಲುಮನೆಯ ಹನ್ನೊಂದು ಹೆಂಗಸರಿಗೂ ಈಗ ಅದು ಗೊತ್ತಾಗಿದೆ. ನೀನು ವಾಪಸು ಬರಬೇಕು. ನಿನ್ನನ್ನು ಕರೆಯುವ ಕೆಲಸ ನನ್ನದು ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿದ್ದಾರೆ, ಏಕೆಂದರೆ ಕಳಿಸಿದವಳೂ ನಾನೇ.

ಇನ್ನು ಕಥೆ. ಒಲೆ ಹತ್ತಿರ ಕೂತು ಓದು. ಕಣ್ಣು ನೋಯುವುದಾದರೆ ಮೊಮ್ಮಗಳ ಕೈಲಿ ಓದಿಸು, ನಗುವ ಕಡೆ ಅವಳೂ ನಗಲಿ.

ನನ್ನ ಫೋಟೋ ತೆಗೆದುಕೊಂಡು ಹೋದ ಆ ಸಮುದ್ರದಾಚೆಯ ಕಂಪನಿ ನಿನಗೆ ಮರೆತಿರುವುದಿಲ್ಲ. ವರ್ಷಕ್ಕೆ ನಲವತ್ತು ಶಾಲು ನಮ್ಮ ಹತ್ತಿರ ಕೊಳ್ಳುತ್ತಿದ್ದರಲ್ಲ, ಅವರೇ. ಪ್ರತಿ ಶಾಲಿಗೂ ಒಂದು ಚೀಟಿ, ಚೀಟಿಯ ಮೇಲೆ ರಾಟೆ ತಿರುಗಿಸುತ್ತಿರುವ ನಾನು, ಕೆಳಗೆ ಅವರ ಭಾಷೆಯಲ್ಲಿ ‘ಇದನ್ನು ಬೆಟ್ಟದ ಮೇಕೆಗಳ ಉಣ್ಣೆಯಿಂದ ಮಾಪುಲೆಂಗ್ ಕೈಯಾರೆ ನೂತಿದ್ದಾಳೆ. ಗಿಡಮೂಲಿಕೆಯ ಬಣ್ಣ. ಭೂಮಿತಾಯಿಗೆ ನೋವಿಲ್ಲ’ ಎಂದು. ಈ ಫೆಬ್ರವರಿಯಲ್ಲಿ ಅವರಿಂದ ಸುದ್ದಿ ಬಂತು. ಉಲ್ರಿಕಾ ಎಂಬ ಹೆಂಗಸು ಬರುತ್ತಾಳೆ, ಜೊತೆಗೆ ಕ್ಯಾಮೆರಾದವನು ಬರುತ್ತಾನೆ, ನಮ್ಮ ಮೇಲೆ ಸಿನಿಮಾ ತೆಗೆಯುತ್ತಾರೆ, ಆಮೇಲೆ ಒಂದು ಕಾಗದಕ್ಕೆ ಸಹಿ ಹಾಕಬೇಕು ಎಂದು. ಆ ಚೀಟಿ ಇರುವ ಶಾಲುಗಳೆಲ್ಲ ನಮ್ಮ ಕೈಯವೇ ಎಂದು ಹೇಳುವ ಕಾಗದ. ಸಹಿ ಹಾಕಿದರೆ ಇನ್ನು ಐದು ವರ್ಷ ನಮಗೆ ಕೆಲಸ ಖಾತ್ರಿ.

ಸಿನಿಮಾ ಎಂದ ಕೂಡಲೇ ಇಲ್ಲಿ ಏನೇನು ಆಯಿತು ಎಂದು ಕೇಳಬೇಡ. ಹಲ್ಲಿಲ್ಲದವರು ಹಲ್ಲು ಕಟ್ಟಿಸಿಕೊಳ್ಳುವ ಮಾತಾಡಿದರು. ನೂಲುಮನೆಯ ಗೋಡೆಗೆ ಸುಣ್ಣ ಬಿತ್ತು. ಮಾಖೋಟ್ಸೋ ಅಜ್ಜಿಗೆ ಎಂಬತ್ತೆರಡು, ಕಣ್ಣು ಪೂರ್ತಿ ಮಂಜು. ಅವಳು ಕೂಡ ಕನ್ನಡಿ ಕೇಳಿದಳು.

“ನಿಂಗ್ಯಾಕಜ್ಜಿ ಕನ್ನಡಿ, ಕಾಣ್ಸುತ್ತಾ?” ಎಂದೆ.

“ನಂಗೆ ಕಾಣ್ಸದಿದ್ರೆ ಏನಾಯ್ತೇ, ಕನ್ನಡಿಗಾದ್ರೂ ನಾನು ಕಾಣ್ಸಲಿ” ಎಂದಳು.

ಹೊರಗಿನಿಂದ ಬಂದವರಿಗೆ, ಸೊಸೆಗೆ ಇಡುವ ಹಾಗೆ, ನಮ್ಮ ಕಡೆಯ ಹೆಸರು ಇಡಬೇಕಲ್ಲ. ಆ ಮಾತು ಎದ್ದಾಗ ಉಲ್ರಿಕಾಗೆ ಮಾಲೆರಾಟೋ, ಅಂದರೆ ಪ್ರೀತಿಯ ತಾಯಿ, ಎಂಬ ಹೆಸರು ಇಡೋಣ ಎಂದು ಎಲ್ಲರೂ ಒಪ್ಪಿಕೊಂಡೆವು. ಹೆಸರಿಡುವ ಕೆಲಸ ಅಜ್ಜಿಯದು. ಹಾಡು, ಕುಣಿತ, ಶುಂಠಿ ಪಾನಕ, ಮೆಕ್ಕೆಜೋಳದ ಮುದ್ದೆ, ಸೊಪ್ಪು, ಎರಡು ಕೋಳಿ. ನಿನ್ನ ನಾದಿನಿ ಕೊಟ್ಟಿದ್ದ ಆ ಜಗಳಗಂಟ ಹುಂಜ ಇತ್ತಲ್ಲ, ಅದೂ ಹೋಯಿತು. ಕೊನೆಗೂ ಅದರಿಂದ ಒಂದು ಉಪಕಾರವಾಯಿತು.

ಮಾರ್ಚ್ ಏಳನೇ ತಾರೀಖು ಬೆಳಿಗ್ಗೆ ಬಂದರು. ಉಲ್ರಿಕಾಗೆ ಐವತ್ತು ದಾಟಿದೆ, ಎತ್ತರದ ಹೆಂಗಸು, ದೊಡ್ಡ ಬಾಯಿಯ ಒಳ್ಳೆಯ ನಗು. ಕೈಗೆ ಸಿಕ್ಕಿದವರನ್ನೆಲ್ಲ ತಬ್ಬಿಕೊಳ್ಳುತ್ತಾಳೆ. ಸುಳ್ಳು ಹೇಳಬಾರದು, ನೋಡಿದ ಕೂಡಲೇ ನನಗೆ ಇಷ್ಟವಾದಳು. ಜೊತೆಗೆ ನಮ್ಮ ಮಾತನ್ನು ಅವರ ಭಾಷೆಗೆ ತಿರುಗಿಸಿ ಹೇಳಲು ಮಸೇರುವಿನಿಂದ ಕೆಕೆಟ್ಸೋ ಎಂಬ ಹುಡುಗಿಯನ್ನು ಕರೆತಂದಿದ್ದರು. ಉಗುರಿಗೆಲ್ಲ ಬಣ್ಣ, ಎತ್ತರದ ಚಪ್ಪಲಿ, ನಮ್ಮ ಅಂಗಳದಲ್ಲಿ ಕಾಲಿಟ್ಟ ಕಡೆಯೆಲ್ಲ ಮೇಕೆ ಹಿಕ್ಕೆ. ‘ಅಯ್ಯೋ ದೇವ್ರೇ, ಅಯ್ಯೋ ದೇವ್ರೇ’ ಎನ್ನುತ್ತಾ ಕುಪ್ಪಳಿಸುತ್ತಿದ್ದಳು.

ಸ್ವಲ್ಪ ಹೊತ್ತು ರಾಟೆ ತಿರುಗಿಸಿದೆವು, ಉಣ್ಣೆ ಹಿಂಜಿದೆವು. ಕ್ಯಾಮೆರಾದವನು ನನ್ನ ಕೈಯನ್ನೇ ಕಾಲು ಗಂಟೆ ತೆಗೆದ. ಆಮೇಲೆ ಉಲ್ರಿಕಾ ಕಾರಿನಿಂದ ಒಂದು ದೊಡ್ಡ ಪೆಟ್ಟಿಗೆ ಇಳಿಸಿದಳು. ನಮಗೆಲ್ಲ ಉಡುಗೊರೆ, ತಲಾ ಒಂದು ಶಾಲು. ‘ನಿಮ್ಮದೇ ಶಾಲು ಹೊದ್ದುಕೊಂಡು ನೀವು ಹಾಡಬೇಕು’ ಎಂದಳು. ತಿಳಿನೀಲಿ, ಬೂದು, ಹಳದಿ. ಒಂದೊಂದಕ್ಕೂ ನೇತಾಡುವ ಚೀಟಿ, ಹನ್ನೊಂದು ಚೀಟಿಯಲ್ಲೂ ನಾನೇ ನಗುತ್ತಿದ್ದೇನೆ.

ಮಾಟುಮೆಲೋ, ನಾವು ನೀಲಿ ಬಣ್ಣ ಯಾವಾಗ ಹಾಕಿದ್ದೆವು ಹೇಳು? ನಿನ್ನ ಕಾಲದಲ್ಲೂ ಇಲ್ಲ, ನಿನ್ನ ನಂತರವೂ ಇಲ್ಲ. ಕೈಗೆ ತೆಗೆದುಕೊಂಡ ಮೇಲೆ ಒಬ್ಬರೂ ಒಬ್ಬರ ಮುಖ ನೋಡಲಿಲ್ಲ. ಎಲ್ಲರೂ ಅಂಗಳ ನೋಡಿದರು, ಆಕಾಶ ನೋಡಿದರು, ಹುಂಜ ಬೇಯುತ್ತಿದ್ದ ಪಾತ್ರೆ ನೋಡಿದರು. ಐದು ವರ್ಷದ ಕೆಲಸ ಎದುರಿಗೆ ನಿಂತಿರುವಾಗ ಯಾರಿಗೆ ಬಾಯಿ ಬರುತ್ತದೆ? ಹೊದ್ದುಕೊಂಡೆವು. ಹಾಡಿದೆವು ಕೂಡ.

ಹಾಡು ಮುಗಿದ ಮೇಲೆ ಹೆಸರಿಡುವ ಹೊತ್ತು. ಉಲ್ರಿಕಾಳನ್ನು ಚಾಪೆಯ ಮೇಲೆ ಕೂರಿಸಿದೆವು. ಅಜ್ಜಿಯನ್ನು ಕೈಹಿಡಿದು ತಂದೆವು. ಹೆಸರು ಕೊಡುವವರು ಮೊದಲು ಮೈಮೇಲೆ ಉಣ್ಣೆ ಹೊದಿಸಬೇಕಲ್ಲ, ಯಾರೋ ಆ ಪೆಟ್ಟಿಗೆಯ ಹಳದಿ ಶಾಲನ್ನೇ ಅಜ್ಜಿಯ ಕೈಗೆ ಕೊಟ್ಟುಬಿಟ್ಟರು. ಚೆಂದ ಕಾಣಲಿ ಎಂದು ಕೊಟ್ಟಿದ್ದು. ನಾವು ಮಾಡಿದ ತಪ್ಪು ಅದೇ, ಪುಣ್ಯಕ್ಕೆ ಮಾಡಿದೆವು.

ಅಜ್ಜಿ ಶಾಲನ್ನು ಬಿಡಿಸಿದಳು. ಹೆಬ್ಬೆರಳಲ್ಲಿ ಉಜ್ಜಿದಳು. ಕೆನ್ನೆಗೆ ಇಟ್ಟಳು. ಮೂಸಿದಳು. 

“ಇದ್ಯಾವ ಮೇಕೆದೇ?” ಎಂದು ಕೇಳಿದಳು.

ನಾನು ನನ್ನ ಶಾಲಿನ ಚೀಟಿಯನ್ನು ಮಡಿಕೆಯೊಳಗೆ ತುರುಕಿದೆ.

“ಕಿವುಡ್ರಾ ಎಲ್ರೂ? ಯಾವ ಮೇಕೆದು ಅಂದೆ. ಈ ಮೇಕೆ ಹುಲ್ಲು ತಿಂದಿಲ್ಲ ಕಣ್ರೇ, ಬಾಟ್ಲಿ ತಿಂದಿದೆ.”

ಉಲ್ರಿಕಾ ನಗುತ್ತಾ ಕೆಕೆಟ್ಸೋ ಕಡೆ ತಿರುಗಿದಳು, ಏನಂತೆ ಎಂದು. ಕೆಕೆಟ್ಸೋ ಮುಖದಲ್ಲಿ ಬೆವರು. ಅವಳು ಏನೋ ಹೇಳಿದಳು, ಉಲ್ರಿಕಾ ಎದೆಗೆ ಕೈ ಇಟ್ಟುಕೊಂಡು ತಲೆ ಬಾಗಿಸಿದಳು. ಆಮೇಲೆ ಗೊತ್ತಾಯಿತು, ‘ಇಷ್ಟು ಮೃದುವಾದದ್ದನ್ನು ನಾನು ಮುಟ್ಟೇ ಇಲ್ಲ ಅಂತ ಅಜ್ಜಿ ಹೇಳ್ತಿದಾರೆ’ ಎಂದು ತಿರುಗಿಸಿದ್ದಳಂತೆ! ಆದರೆ ಅಜ್ಜಿ ಚಿಕ್ಕವಳಿದ್ದಾಗ ಮಿಷನ್ ಶಾಲೆಗೆ ಎರಡು ಚಳಿಗಾಲ ಹೋದವಳು. ನಾಲ್ಕು ಇಂಗ್ಲಿಷ್ ಮಾತು ಉಳಿಸಿಕೊಂಡಿದ್ದಾಳೆ. ಕೋಲನ್ನು ನೆಲಕ್ಕೆ ಕುಟ್ಟಿ, “ನೋ! ನೋ ಗೋಟ್! ನೋ ಗೋಟ್! ಬಾಟಲ್!” ಎಂದು ಕೂಗಿದಳು. ಅಂಗಳದ ನಾಯಿ ಎದ್ದು ಹೋಯಿತು.

“ಅಜ್ಜಿ, ಸುಮ್ನಿರಿ, ನನ್ನ ಕೆಲ್ಸ ಹೋಗುತ್ತೆ” ಎಂದು ಕೆಕೆಟ್ಸೋ ಕೈಮುಗಿದಳು.

“ನಿನ್ ಕೆಲ್ಸ ಹೋಗ್ಲಿ ಅಂತ ನಾನೆಲ್ಲಿ ಅಂದೆ ಮಗಳೇ? ಹೆಸ್ರಿಡ್ಬೇಕಾದ್ರೆ ಉಣ್ಣೆ ಹೊದಿಸ್ಬೇಕು. ಇದು ಉಣ್ಣೆ ಅಲ್ಲ. ಇದನ್ನ ಹೊದಿಸಿ ಹೆಸ್ರಿಟ್ರೆ ಅದು ಹೆಸ್ರೂ ಅಲ್ಲ. ಇಷ್ಟೇ ನಾನ್ ಹೇಳೋದು. ಇವಳಿಗೆ ಹೆಸ್ರು ಬೇಕೋ ಬೇಡ್ವೋ ಕೇಳು.”

ಇಲ್ಲಿಯವರೆಗೆ ಬರೆದು ಎದ್ದಿದ್ದೆ. ಮೇಕೆ ಒಳಗೆ ಬಂದು ನನ್ನ ಹ್ಯಾಟಿನ ಹೂವು ತಿಂದುಹಾಕಿದೆ. ಅದನ್ನು ಬೈದು, ಓಡಿಸಿ, ಟೀ ಕುಡಿದು ಮತ್ತೆ ಕೂತಿದ್ದೇನೆ. ಎಲ್ಲಿದ್ದೆವು? ಹೌದು, ಅಜ್ಜಿ ಕೋಲು ಕುಟ್ಟಿದಳು.

ನನಗೆ ಆಗ ಏನಾಯಿತೋ ನಾನು ಹೇಳಲಾರೆ. ನನ್ನ ಕಾಲು ತಾನಾಗಿ ಎದ್ದಿತು. ಅಜ್ಜಿಯ ಕೈಯಿಂದ ಹಳದಿ ಶಾಲು ತೆಗೆದುಕೊಂಡೆ, ಅಂಚಿನಿಂದ ಒಂದು ಎಳೆ ಎಳೆದೆ. ನನ್ನ ರಾಟೆಯ ಮೇಲಿದ್ದ ನೂಲಿನಿಂದ ಇನ್ನೊಂದು ಎಳೆ ತೆಗೆದೆ. ಬಣ್ಣದ ಹಂಡೆಯ ಕೆಳಗೆ ಬೆಂಕಿ ಉರಿಯುತ್ತಿತ್ತು, ಅಲ್ಲಿಗೆ ಹೋಗಿ ಉಲ್ರಿಕಾಳನ್ನು ಕರೆದೆ. ಮೊದಲು ನಮ್ಮ ಎಳೆ. ಚಿರ್ ಎಂದು ಸುಟ್ಟು, ಕೂದಲು ಸುಟ್ಟ ನಾತ ಬಂದು, ಮುಟ್ಟಿದರೆ ಬೂದಿಯಾಗಿ ಉದುರಿತು. ಆಮೇಲೆ ಶಾಲಿನ ಎಳೆ. ಅದು ಸುಡಲಿಲ್ಲ, ಕರಗಿತು. ಮುದುಡಿ ಕಪ್ಪು ಉಂಡೆಯಾಗಿ ಕಡ್ಡಿಯ ತುದಿಯಲ್ಲಿ ಅಂಟಿಕೊಂಡಿತು. ಪ್ಲಾಸ್ಟಿಕ್ ಚೀಲ ಸುಟ್ಟ ವಾಸನೆ. ಆರಿದ ಮೇಲೆ ಅದನ್ನು ಅವಳ ಅಂಗೈಗೆ ಹಾಕಿದೆ. ಮಣಿಯ ಹಾಗೆ ಗಟ್ಟಿ. ಉಗುರಲ್ಲಿ ಒತ್ತಿದಳು, ಒಡೆಯಲಿಲ್ಲ.

ಕೆಕೆಟ್ಸೋಗೆ ಹೇಳಿದೆ, “ಈಗ ನಾನ್ ಹೇಳೋದನ್ನ ಸಿಹಿ ಮಾಡ್ದೆ ಹೇಳಮ್ಮ. ಈ ಶಾಲು ನಮ್ದಲ್ಲ. ಈ ಮುಖ ಮಾತ್ರ ನಂದು. ವರ್ಷಕ್ಕೆ ನಲವತ್ತು ಶಾಲು ನಾವು ಕೊಡ್ತೀವಿ. ಮಿಕ್ಕಿದ್ದೆಲ್ಲ ಎಲ್ಲಿಂದ ಬರ್ತಿದೆ ಅಂತ ಅವ್ರನ್ನೇ ಕೇಳು. ಮೂರು ವರ್ಷದ ಹಿಂದೆ ಇದೇ ಅಂಗಳದಲ್ಲಿ ಇದೇ ಬೆಂಕೀಲಿ ಇದೇ ಮಾತನ್ನ ಒಬ್ಬಳು ಹೇಳಿದ್ಳು. ಮಾಟುಮೆಲೋ ಅಂತ ಅವಳ ಹೆಸ್ರು. ಈ ಜಿಲ್ಲೇಲಿ ಅವಳಷ್ಟು ಚೆನ್ನಾಗಿ ಬಣ್ಣ ಹಾಕೋರು ಇರ್ಲಿಲ್ಲ. ನಾವೆಲ್ಲ ಮೋಸಹೋಗಿ ಅವಳನ್ನೇ ಸುಳ್ಳಿ ಅಂದ್ವಿ. ನಾನು ಎಲ್ರಿಗಿಂತ ಜೋರಾಗಿ ಅಂದೆ.”

ಹೇಳುತ್ತಾ ಹೇಳುತ್ತಾ ಆ ದಿನ ಕಣ್ಣಮುಂದೆ ಬಂತು. ಗಡಿಯಾಚೆಯಿಂದ ಬಂದಿದ್ದ ಪ್ರವಾಸಿ ಹೆಂಗಸು, ಅವಳ ಹೆಗಲ ಮೇಲೆ ನನ್ನ ಚೀಟಿ ನೇತಾಡುತ್ತಿದ್ದ ಶಾಲು, ಅದನ್ನು ಮುಟ್ಟಿ ನಿನ್ನ ಹುಬ್ಬು ಮೇಲೆ ಹೋದದ್ದು. ನೀನು ಎಳೆ ಸುಟ್ಟು ಎಲ್ಲರ ಮುಂದೆ ಹಿಡಿದದ್ದು. ನಾನು, ‘ನಿನ್ನ ಫೋಟೋ ತೆಗೀಲಿಲ್ಲ ಅಂತ ಹೊಟ್ಟೆಕಿಚ್ಚು ಕಣೇ ನಿಂಗೆ’ ಎಂದದ್ದು. ಎಲ್ಲರೂ ನಕ್ಕದ್ದು. ನೀನು ಏಪ್ರನ್ ಬಿಚ್ಚಿ ನಾಲ್ಕು ಮಡಿಕೆ ಮಡಚಿ ಸ್ಟೂಲಿನ ಮೇಲಿಟ್ಟು ಹೋದದ್ದು. ಒಂದು ಮಾತಾದರೂ ಬೈದಿದ್ದರೆ ಚೆನ್ನಾಗಿತ್ತು.

ನೀನು ನನಗೆ ಯಾರು ಎಂದು ಮರೆತೆನೇ? ಒಂದೇ ತಿಂಗಳಲ್ಲಿ ಇಬ್ಬರೂ ಸೊಸೆಯರಾಗಿ ಬಂದವರು ನಾವು. ಒಂದೇ ವಾರ ನಮಗೆ ಇನ್ನೂ ಹುಟ್ಟದ ಮಕ್ಕಳ ತಾಯಂದಿರೆಂದು ಹೆಸರಿಟ್ಟರು, ಮಾಟುಮೆಲೋ, ಮಾಪುಲೆಂಗ್ ಎಂದು. ನೀನು ವರ್ಷದೊಳಗೆ ಟುಮೆಲೋನನ್ನು ಹೆತ್ತು ಹೆಸರು ಉಳಿಸಿಕೊಂಡೆ. ನಾನು ಮಗುವಿಲ್ಲದೆ ನಾಲ್ಕು ವರ್ಷ ಪುಲೆಂಗಳ ತಾಯಿ ಅನ್ನಿಸಿಕೊಂಡು ತಿರುಗಿದೆ. ನೀರಿನ ಊಟೆಯ ಹತ್ತಿರ ಊರ ಹೆಂಗಸರು ‘ಎಲ್ಲೇ ನಿನ್ ಪುಲೆಂಗ್, ಇನ್ನೂ ದಾರೀಲಿದಾಳಾ?’ ಎಂದಾಗ ಕೊಡ ಕೆಳಗಿಟ್ಟು ಸೊಂಟಕ್ಕೆ ಕೈಕೊಟ್ಟು ನಿಂತವಳು ನೀನು. “ದಾರೀಲೇ ಇದಾಳೆ, ನಿಮ್ ಥರ ಬಾಯಿಬಡುಕಿ ಆಗ್ಬಾರ್ದು ಅಂತ ನಿಧಾನಕ್ಕೆ ಬರ್ತಿದಾಳೆ” ಎಂದು ನೀನೇ ಅಂದೆ. ಅಂಥವಳನ್ನು ನಾನು ಅಷ್ಟು ಜನರ ಮುಂದೆ ಹೊಟ್ಟೆಕಿಚ್ಚಿನವಳು ಎಂದೆ.

ಇರಲಿ. ಅಳುವ ಪತ್ರ ಬರೆಯಬಾರದು ಎಂದುಕೊಂಡು ಕೂತವಳು ನಾನು. ಮುಂದೆ ಕೇಳು, ನಿಜವಾದ ತಮಾಷೆ ಈಗ.

ಉಲ್ರಿಕಾ ಬೆಂಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ತಾನು ತೊಟ್ಟಿದ್ದ ಹಸಿರು ಸ್ವೆಟರಿನ ತೋಳಿನಿಂದ ಒಂದು ಎಳೆ ಕಿತ್ತಳು. ಆ ಸ್ವೆಟರ್ ಬಗ್ಗೆ ಬೆಳಿಗ್ಗೆಯಿಂದ ಮೂರು ಸಲ ಹೇಳಿದ್ದಳು, ತಮ್ಮ ಕಂಪನಿಯದೇ, ಅಪ್ಪಟ ಪ್ರಕೃತಿಯದು, ಮಣ್ಣಿಗೆ ಹಾಕಿದರೆ ಮಣ್ಣಾಗುತ್ತದೆ ಎಂದು. ಎಳೆಯನ್ನು ಬೆಂಕಿಗೆ ಹಿಡಿದಳು. ನಾವೆಲ್ಲ ಕತ್ತು ಚಾಚಿದೆವು. ಕರಗಿತು ಮಾರಾಯ್ತಿ! ನಮ್ಮ ಶಾಲಿಗಿಂತ ಚೆನ್ನಾಗಿ ಕರಗಿತು. ಇನ್ನೊಂದು ತೋಳಿನಿಂದ ಇನ್ನೊಂದು ಎಳೆ ಕಿತ್ತಳು. ಅದೂ ಕರಗಿತು. ಹೀಗೇ ಬಿಟ್ಟರೆ ಸ್ವೆಟರನ್ನೆಲ್ಲ ಬಿಚ್ಚಿ ಸುಡುತ್ತಾಳೆ ಎಂದು ನನಗೆ ಹೆದರಿಕೆಯಾಯಿತು.

ಆಮೇಲೆ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಕಣ್ಣಲ್ಲಿ ನೀರು. ‘ಹನ್ನೆರಡು ವರ್ಷ ಇದನ್ನೇ ಜನರಿಗೆ ಹೇಳಿ ಮಾರಿದ್ದೇನೆ. ಒಂದು ದಿನವೂ ಕಡ್ಡಿ ಗೀರಿ ನೋಡಲಿಲ್ಲ’ ಎಂದಳಂತೆ. ಕೆಕೆಟ್ಸೋ ಈ ಸಲ ಸಿಹಿ ಸೇರಿಸದೆ ತಿರುಗಿಸಿದಳು. ಅವಳು ನಗುವುದನ್ನು ನೋಡಿ ನಮ್ಮಲ್ಲಿ ಒಬ್ಬಳು ನಕ್ಕಳು, ಆಮೇಲೆ ಇನ್ನೊಬ್ಬಳು. ಮೈಮೇಲಿನ ಶಾಲು ತೆಗೆದು, ‘ಸದ್ಯ, ಬೆಳಗ್ಗಿಂದ ಬೆವರಿ ಸತ್ತೆ’ ಎಂದು ಒಬ್ಬಳು ಎಸೆದಳು. ಅಂಗಳವೆಲ್ಲ ನಗು. ಹಾಗೆ ನಕ್ಕು ನಮಗೆ ಎಷ್ಟು ಕಾಲವಾಗಿತ್ತು!

ನಗು ತಗ್ಗಿದ ಮೇಲೆ ಅಜ್ಜಿ, “ಹೆಸ್ರು ಬೇಕಂತಾ ಬೇಡಂತಾ? ನಂಗೆ ಹಸಿವು” ಎಂದಳು.

ಬೇಕು ಎಂದಳು ಉಲ್ರಿಕಾ. ಅಜ್ಜಿ ತನ್ನ ಮೈಮೇಲಿದ್ದ ಹಳೆಯ ಕಂಬಳಿಯನ್ನೇ ತೆಗೆದು ಅವಳಿಗೆ ಹೊದಿಸಿದಳು. ಆ ಕಂಬಳಿ ಗೊತ್ತಲ್ಲ, ಮೊದಲ ಮಗನನ್ನು ಹೆತ್ತಾಗ ಅಜ್ಜ ಕೊಟ್ಟಿದ್ದು, ತೂತು ಬಿದ್ದರೂ ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ನಾವು ಮಾಲೆರಾಟೋ ಎಂಬ ಹೆಸರಿಗೆ ಕಾಯುತ್ತಿದ್ದೆವು. ಅಜ್ಜಿ ಅವಳ ತಲೆಯ ಮೇಲೆ ಕೈ ಇಟ್ಟು, “ಇವತ್ತಿಂದ ನೀನು ಮಾನ್ನೆಟೆ” ಎಂದಳು. ಸತ್ಯದ ತಾಯಿ!

ನಾವು ಹೋ ಎಂದು ಕೂಗಿದೆವು. ಉಲ್ರಿಕಾಗೆ ಅರ್ಥ ಹೇಳಿದ ಕೂಡಲೇ ಅವಳ ಮುಖ ಬಿದ್ದುಹೋಯಿತು. ‘ಈ ಹೆಸರು ನನಗೆ ಹೇಗೆ ಒಪ್ಪುತ್ತದೆ? ಈಗಷ್ಟೇ ನೋಡಿದಿರಲ್ಲ’ ಎಂದಳು.

ಅಜ್ಜಿ ಅವಳ ಕೆನ್ನೆ ತಟ್ಟಿದಳು. “ಏ ಹುಚ್ಚಿ, ನಮ್ಮಲ್ಲಿ ಹೆಸ್ರು ಮೊದ್ಲು, ಮಗು ಆಮೇಲೆ. ಸೊಸೆ ಬಂದ ದಿನ ಅವಳ ಹೊಟ್ಟೇಲೇನಿರುತ್ತೆ? ಬರೀ ಮುದ್ದೆ. ಆದ್ರೂ ಇಂಥವರ ತಾಯಿ ಅಂತ ಕರೀತೀವಿ. ಕರೆದ ಮೇಲೆ ಹೆರ್ಬೇಕು. ಹೆರೋವರ್ಗೂ ಊರೋರೆಲ್ಲ ಯಾವಾಗ, ಯಾವಾಗ ಅಂತ ಕೇಳ್ತಾನೇ ಇರ್ತಾರೆ. ಈಗ ನಾವ್ ಕೇಳ್ತೀವಿ. ಯಾವಾಗ ಹೆರ್ತೀಯ ಮಾನ್ನೆಟೆ?”

“ನಂಗೆ ಐವತ್ಮೂರು!” ಎಂದಳಂತೆ ಉಲ್ರಿಕಾ.

“ಇದಕ್ಕೆ ವಯಸ್ಸು ಅಡ್ಡಿಯಿಲ್ಲ, ಗಂಡನೂ ಬೇಡ” ಎಂದಳು ಅಜ್ಜಿ.

ಕೆಕೆಟ್ಸೋ ಅದನ್ನು ತಿರುಗಿಸಿ ಹೇಳುವಷ್ಟರಲ್ಲಿ ಕ್ಯಾಮೆರಾದವನು ಕೂಡ ಬಿದ್ದು ಬಿದ್ದು ನಗುತ್ತಿದ್ದ. ಅವನು ಎಲ್ಲವನ್ನೂ ತೆಗೆದುಕೊಂಡಿದ್ದ, ಬಾಟಲಿಯಿಂದ ಹಿಡಿದು ಗಂಡನವರೆಗೆ. ಹುಂಜ ತಿಂದೆವು, ಪಾನಕ ಕುಡಿದೆವು. ಸಹಿಯ ಕಾಗದ ಪೆಟ್ಟಿಗೆಯಲ್ಲೇ ಉಳಿಯಿತು. ಹೊರಡುವಾಗ ಮಾನ್ನೆಟೆ ಕಂಬಳಿ ವಾಪಸು ಕೊಡಲು ಬಂದಳು. ಅಜ್ಜಿ ತೆಗೆದುಕೊಳ್ಳಲಿಲ್ಲ. “ಬಾಣಂತಿಗೆ ಬೇಕಾಗುತ್ತೆ” ಎಂದಳು.

ಆಮೇಲೇನಾಯಿತು ಎಂದು ನೀನು ಕೇಳುತ್ತೀಯ. ಎಲ್ಲವೂ ಸುಖವಾಗಿ ಮುಗಿಯಲಿಲ್ಲ, ಹಾಗೆಂದು ಕೆಟ್ಟದ್ದೂ ಆಗಲಿಲ್ಲ. ಕಂಪನಿಯ ಕೆಲಸ ನಿಂತಿತು. ಎರಡು ವಾರ ಎಲ್ಲರ ಮುಖವೂ ಸಪ್ಪಗಿತ್ತು, ನನ್ನ ಹಿಂದೆ ನಾಲ್ಕು ಮಾತೂ ಬಂದವು. ಏಪ್ರಿಲ್ ಕೊನೆಯಲ್ಲಿ ಕೆಕೆಟ್ಸೋಳ ಫೋನಿಗೆ ಒಂದು ಸುದ್ದಿ ಬಂತು. ಮಾನ್ನೆಟೆ ಆ ಸಿನಿಮಾವನ್ನು ತನ್ನ ಕಂಪನಿಯ ದೊಡ್ಡವರಿಗೆಲ್ಲ ಕೂರಿಸಿ ತೋರಿಸಿದ್ದಾಳೆ. ಅದಕ್ಕೆ ಅವಳ ಕೆಲಸ ಕಡಿಮೆ ಮಾಡಿ ಆಫೀಸಿನ ಮೂಲೆಯ ಒಂದು ಸಣ್ಣ ಕೋಣೆಗೆ ಹಾಕಿದ್ದಾರಂತೆ. ಬಿಡುವುದಿಲ್ಲ, ಪೇಪರಿನವರ ಹತ್ತಿರ ಹೋಗುತ್ತೇನೆ ಎಂದು ಬರೆದಿದ್ದಾಳೆ. ಕೊನೆಯಲ್ಲಿ, ‘ಅಜ್ಜಿಗೆ ಹೇಳು, ಮಗು ಇನ್ನೂ ಹುಟ್ಟಿಲ್ಲ, ಆದರೆ ನೋವು ಶುರುವಾಗಿದೆ’ ಎಂದು. ಅಜ್ಜಿ ಅದನ್ನು ಕೇಳಿ ಮಧ್ಯಾಹ್ನವೆಲ್ಲ ತನ್ನಷ್ಟಕ್ಕೆ ನಗುತ್ತಿದ್ದಳು.

ಚೀಟಿಯಿಂದ ನನ್ನ ಫೋಟೋ ತೆಗೆದುಹಾಕಿದ್ದಾರೆ. ಅದರ ಬದಲು ಏನು ಹಾಕಿದ್ದಾರೆ ಗೊತ್ತೇ? ಒಂದು ಮೇಕೆ! ಮೇಕೆಗೂ ಆ ಶಾಲಿಗೂ ಎಳ್ಳಷ್ಟೂ ಸಂಬಂಧವಿಲ್ಲ, ಆದರೆ ಮೇಕೆ ಎದ್ದು ನಿಂತು ದೂರು ಹೇಳುವುದಿಲ್ಲವಲ್ಲ. ನನ್ನ ಯಜಮಾನರು, “ನಿನಗಿಂತ ಚೆನ್ನಾಗಿದೆ” ಎಂದರು. ಅವತ್ತು ಅವರಿಗೆ ಮುದ್ದೆಗೆ ಸೊಪ್ಪಿರಲಿಲ್ಲ.

ಕೆಕೆಟ್ಸೋ ಆ ಕೆಲಸ ತಾನೇ ಬಿಟ್ಟಳು. ಈಗ ಶನಿವಾರ ಶನಿವಾರ ಬರುತ್ತಾಳೆ, ರಬ್ಬರ್ ಬೂಟು ಹಾಕಿಕೊಂಡು. ಮಸೇರುವಿನಲ್ಲಿ ಎರಡು ಅಂಗಡಿ, ಗಡಿಯಾಚೆ ಒಂದು ಅಂಗಡಿ ಮಾತಾಡಿ ಕೊಟ್ಟಿದ್ದಾಳೆ. ನಮ್ಮ ಶಾಲುಗಳಿಗೆ ಈಗ ಫೋಟೋ ಇಲ್ಲ. ಅಂಚಿನಿಂದ ಒಂದು ಗೇಣು ಎಳೆ ಇಳಿಬಿಟ್ಟಿರುತ್ತೇವೆ. ಅನುಮಾನ ಇದ್ದವರು ಅಂಗಡಿಯಲ್ಲೇ ಸುಟ್ಟು ಮೂಸಿ ನೋಡಬಹುದು. ಮಸೇರುವಿನ ಒಬ್ಬ ಅಂಗಡಿಯವನು ‘ದಿನಾ ನನ್ನ ಅಂಗಡಿ ತುಂಬಾ ಕೂದಲು ಸುಟ್ಟ ನಾತ’ ಎಂದು ಬಾಯಿ ಬಡಿದುಕೊಳ್ಳುತ್ತಾನೆ, ಆದರೂ ಇನ್ನಷ್ಟು ಕೊಡಿ ಎನ್ನುತ್ತಾನೆ.

ಒಂದೇ ಕಷ್ಟ, ಬಣ್ಣ. ನೀನು ಹೋದ ಮೇಲೆ ಇಲ್ಲಿ ಕೆಂಪು ಎಂಬುದು ಹುಟ್ಟಲೇ ಇಲ್ಲ. ನಿನ್ನ ಹಾಗೆಯೇ ಬೇರು ಅಗೆದು ತಂದು, ನಿನ್ನ ಹಾಗೆಯೇ ಕುಟ್ಟಿ, ನಿನ್ನ ಹಾಗೆಯೇ ಹಂಡೆಯ ಹತ್ತಿರ ಯಾರನ್ನೂ ಮಾತಾಡಿಸದೆ ಕೂತರೂ ಇಟ್ಟಿಗೆ ತೊಳೆದ ನೀರಿನ ಬಣ್ಣ ಬರುತ್ತದೆ. ಮೊನ್ನೆ ನಾನು ಬಣ್ಣ ಹಾಕಿದ ನೂಲಿನ ಲಡಿಗಳನ್ನು ನೋಡಿ ಕೆಕೆಟ್ಸೋ, “ಇದು ಬೇಕಂತಲೇ ಹೀಗಾ?” ಎಂದು ಕೇಳಿದಳು. ಹೌದು, ಹೊಸ ಫ್ಯಾಷನ್ ಎಂದೆ. ನೋಡು, ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ.

ಬಾ ಮಾರಾಯ್ತಿ. ಹಿಮ ಕರಗಿದ ಮೇಲೆ, ಸೆಪ್ಟೆಂಬರಿನಲ್ಲಿ ಮೇಕೆಗಳ ಉಣ್ಣೆ ಕತ್ತರಿಸುವ ಹೊತ್ತಿಗೆ ಬಾ. ನಮ್ಮ ಮನೆಯ ಹಿಂದಿನ ಕೋಣೆ ಖಾಲಿ ಇದೆ, ಮಾಡು ಸೋರುವುದಿಲ್ಲ. ನಿನ್ನ ಮಂಡಿಗೆ ಇಲ್ಲಿನ ಆಸ್ಪತ್ರೆ ಹತ್ತಿರ. ಬಂದ ದಿನ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ ಬಾಯಿಗೆ ಬಂದಂತೆ ಬೈ, ಉಳಿದ ಹತ್ತು ಜನರೂ ಅದನ್ನು ಕೇಳಲು ಕಾದಿದ್ದಾರೆ. ಅಜ್ಜಿಯಂತೂ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿಟ್ಟಿದ್ದಾಳೆ.

ದೇವರು ನಿನ್ನ ಮನೆಯ ಮೇಲೆ ಹದವಾದ ಮಳೆ ಸುರಿಸಲಿ. ಟುಮೆಲೋಗೆ, ಸೊಸೆಗೆ, ಈಗ ಇದನ್ನು ಓದುತ್ತಿರುವ ಜಾಣೆ ಮೊಮ್ಮಗಳಿಗೆ ನನ್ನ ಆಶೀರ್ವಾದ. ನಿನ್ನ ಒಲೆ ಆರದಿರಲಿ, ನಿನ್ನ ಮೇಕೆಗಳು ಅವಳಿ ಮರಿ ಹಾಕಲಿ.

ನಿನ್ನ
ಮಾಪುಲೆಂಗ್

ಮತ್ತೆ:

ಈ ಹಾಳೆಯನ್ನು ಬೇರೆಯಾಗಿ ಮಡಚಿ ಇಟ್ಟಿದ್ದೇನೆ. ಮೊಮ್ಮಗಳ ಕೈಲಿ ಓದಿಸಬೇಡ. ಕಣ್ಣು ನೋವಾದರೂ ನೀನೇ ಓದು.

ಅವತ್ತು ನೀನು ಸುಟ್ಟ ಎಳೆಯನ್ನು ಕೊನೆಗೆ ನನ್ನ ಮೂಗಿನ ಹತ್ತಿರ ತಂದು, “ನೀನ್ ಹೇಳೇ, ನಿನ್ ಮಾತು ಎಲ್ರೂ ಕೇಳ್ತಾರೆ” ಎಂದೆಯಲ್ಲ. ನನಗೇನೂ ಗೊತ್ತಾಗುತ್ತಿಲ್ಲ ಎಂದೆ. ಗೊತ್ತಾಗಿತ್ತು ಮಾಟುಮೆಲೋ. ನೀನು ಬೆಂಕಿಗೆ ಹಿಡಿಯುವ ಮುಂಚೆಯೇ ಗೊತ್ತಾಗಿತ್ತು. ಆ ಹೆಂಗಸಿನ ಶಾಲು ನನ್ನ ಕೈಗೆ ಬಂದ ಕ್ಷಣವೇ ಇದು ನನ್ನ ನೂಲಲ್ಲ ಎಂದು ಬೆರಳಿಗೆ ತಿಳಿದಿತ್ತು. ಮೂವತ್ತು ವರ್ಷ ನೂತವಳಿಗೆ ತನ್ನ ನೂಲು ತಿಳಿಯುವುದಿಲ್ಲವೇ?

ನನ್ನ ಫೋಟೋ ಇದ್ದ ಒಂದು ಚೀಟಿಯನ್ನು ನಾನು ಬೈಬಲಿನಲ್ಲಿ ಇಟ್ಟುಕೊಂಡಿದ್ದೆ. ಗುರುತಿನ ಪತ್ರಕ್ಕಲ್ಲದೆ ಯಾರೂ ನನ್ನ ಫೋಟೋ ತೆಗೆದಿರಲಿಲ್ಲ. ಅದರಲ್ಲಿ ನಾನು ಚೆನ್ನಾಗಿ ಕಾಣುತ್ತಿದ್ದೆ. ಹೌದು ಎಂದರೆ ಅದು ಹೋಗುತ್ತಿತ್ತು, ಇಲ್ಲ ಎಂದರೆ ನೀನು ಹೋಗುತ್ತಿದ್ದೆ. ಎರಡೂ ಗೊತ್ತಿದ್ದೂ ‘ಇಲ್ಲ’ ಎಂದೆ.

ಮಾರ್ಚಿನಲ್ಲಿ ಎಲ್ಲರ ಮುಂದೆ ನಿನ್ನ ಹೆಸರು ಹೇಳಿದೆನಲ್ಲ, ಅವತ್ತಿನಿಂದ ಇಲ್ಲಿ ನನ್ನನ್ನು ಧೈರ್ಯಸ್ಥೆ ಎನ್ನುತ್ತಾರೆ. ಅಜ್ಜಿ ಕೂಡ ಹೊಗಳಿದಳು. ಆ ಹೊಗಳಿಕೆಯನ್ನೂ ಸುಮ್ಮನೆ ಇಟ್ಟುಕೊಂಡೆ. ಅವರ ಲೆಕ್ಕದಲ್ಲಿ ನಾನು ಎಲ್ಲರಂತೆ ಮೋಸಹೋದವಳು. ನಾನು ಮೋಸಹೋಗಿರಲಿಲ್ಲ. ಅದು ನನ್ನನ್ನು ಬಿಟ್ಟರೆ ಈಗ ನಿನಗೊಬ್ಬಳಿಗೆ ಗೊತ್ತು.

ಇದನ್ನು ಓದಿದ ಮೇಲೂ ಬರುವ ಮನಸ್ಸಿದ್ದರೆ, ಬಾ.